‘ಸೆಂಟ್ರಲಿ’ ಮತ್ತು ‘ಕೇಂದ್ರೀಯವಾಗಿ’: ಒಂದು ಶಬ್ದಮೂಲದ ವಿಮರ್ಶೆ

ಶಬ್ದಗಳ ಮೂಲವನ್ನು ಅರಸುವುದು ಭಾಷಾಶಾಸ್ತ್ರಜ್ಞರಿಗೆ ಸೇರಿದ ಕೆಲಸವೆಂದು ಚರಿತ್ರೆಯ ಅಧ್ಯಾಪಕರು ಸಾಮಾನ್ಯವಾಗಿ ಅದರಿಂದ ದೂರ ಉಳಿಯುತ್ತಾರೆ. ಆದರೆ ಶಾಸನ, ನಾಣ್ಯ, ಮಡಕೆಯ ಚೂರುಗಳಂತೆ ಶಬ್ದವೂ ಒಂದು ಅವಶೇಷವೇ. ಅದು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಬಂದಿತು, ಯಾರ ಕೈಯಲ್ಲಿ ಯಾವ ರೂಪ ತಾಳಿತು ಎಂಬ ಪ್ರಶ್ನೆಗಳು ಚರಿತ್ರೆಯ ಪ್ರಶ್ನೆಗಳೇ ಆಗಿವೆ. ಅಷ್ಟೇ ಅಲ್ಲ, ಶಬ್ದಮೂಲದ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ತೋರುವ ಉತ್ಸಾಹ ಬೇರೆ ಯಾವ ಸಾಕ್ಷ್ಯದ ವಿಷಯದಲ್ಲಿಯೂ ಕಾಣದು. ಆ ಉತ್ಸಾಹದಷ್ಟೇ ದೊಡ್ಡದು ಅವರ ಅಜಾಗರೂಕತೆ. ಎರಡು ಶಬ್ದಗಳು ಕಿವಿಗೆ ಒಂದೇ ಬಗೆಯಾಗಿ ಕೇಳಿದರೆ ಸಾಕು, ಒಂದರಿಂದ ಇನ್ನೊಂದು ಹುಟ್ಟಿತೆಂಬ ತೀರ್ಮಾನ ಸಿದ್ಧವಾಗಿರುತ್ತದೆ. ಈ ಬಗೆಯ ತೀರ್ಮಾನಗಳನ್ನು ಪರೀಕ್ಷಿಸುವ ಕ್ರಮ ಯಾವುದು ಎಂಬುದನ್ನು ಒಂದೇ ಶಬ್ದವನ್ನು ಹಿಡಿದು ತೋರಿಸುವುದು ಈ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವುದು ‘ಸೆಂಟ್ರಲಿ’ ಎಂಬ ಇಂಗ್ಲಿಷ್ ಕ್ರಿಯಾವಿಶೇಷಣ. ಬೆಂಗಳೂರಿನ ಉತ್ತರಭಾಗದಲ್ಲಿ, ತುಮಕೂರು ರಸ್ತೆಯ ಟಿ. ದಾಸರಹಳ್ಳಿಯಂತಹ ಬಡಾವಣೆಗಳಲ್ಲಿ, ಮನೆ ಮಾರುವವರ ಬಾಯಲ್ಲಿ ಈ ಶಬ್ದ ಕನ್ನಡದ್ದೇ ಎಂಬಷ್ಟು ಬಳಕೆಯಾಗಿದೆ: ಮನೆ ‘ಸೆಂಟ್ರಲಿ’ ಇದೆ ಎನ್ನುತ್ತಾರೆ. ಅದೇ ಬೀದಿಗಳಲ್ಲಿ ಆರೋಗ್ಯ ಕೇಂದ್ರ, ಅಂಗನವಾಡಿ ಕೇಂದ್ರ, ಪರೀಕ್ಷಾ ಕೇಂದ್ರ ಎಂಬ ಫಲಕಗಳಿವೆ. ಸ್ವಲ್ಪ ದೂರದ ಜಾಲಹಳ್ಳಿಯಲ್ಲಿ ಕೇಂದ್ರೀಯ ವಿದ್ಯಾಲಯವಿದೆ. ಪಠ್ಯಪುಸ್ತಕಗಳೂ ಕಛೇರಿಯ ಸುತ್ತೋಲೆಗಳೂ ‘ಸೆಂಟ್ರಲಿ’ ಎಂಬುದನ್ನು ‘ಕೇಂದ್ರೀಯವಾಗಿ’ ಎಂದು ಅನುವಾದಿಸುತ್ತವೆ. ಸೆಂಟರ್, ಕೇಂದ್ರ: ಈ ಎರಡರ ಹೋಲಿಕೆ ಎಂತಹವನ ಗಮನಕ್ಕೂ ಬಾರದೆ ಹೋಗದು. ಈ ಹೋಲಿಕೆಯನ್ನು ವಿವರಿಸುವುದು ಹೇಗೆ? ಸಾಮಾನ್ಯವಾಗಿ ದೊರೆಯುವ ಉತ್ತರಗಳು ಮೂರು. ಒಂದು: ಇಂಗ್ಲಿಷರು ನಮ್ಮ ಸಂಸ್ಕೃತದಿಂದ ಕೊಂಡೊಯ್ದರು. ಎರಡು: ಪಿತೃ–ಫಾದರ್‌ಗಳಂತೆ ಇವೂ ಒಂದೇ ಮೂಲಭಾಷೆಯ ಮಕ್ಕಳು. ಮೂರು: ಇಂಗ್ಲಿಷಿನ ‘ಸೆಂಟರ್’ ಶಬ್ದವನ್ನೇ ಈಚೆಗೆ ಸಂಸ್ಕೃತದ ಉಡುಪು ತೊಡಿಸಿ ಕೇಂದ್ರ ಮಾಡಲಾಯಿತು. ಈ ಮೂರೂ ಉತ್ತರಗಳು ತಪ್ಪೆಂಬುದೇ ಈ ಶಬ್ದವನ್ನು ಅಭ್ಯಾಸಯೋಗ್ಯವನ್ನಾಗಿ ಮಾಡಿದೆ.

೧

ಮೊದಲು ಇಂಗ್ಲಿಷ್ ಶಬ್ದವನ್ನು ಬಿಡಿಸಿ ನೋಡೋಣ. ‘ಸೆಂಟ್ರಲಿ’ ಎಂಬುದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು ‘ಸೆಂಟರ್’ ಎಂಬ ನಾಮಪದ. ಇದರ ಮೂಲ ಗ್ರೀಕಿನ ‘ಕೆಂತ್ರೊನ್’. ಚುಚ್ಚು, ತಿವಿ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ಮೊನೆಯುಳ್ಳ ವಸ್ತು, ಎತ್ತು ಕುದುರೆಗಳನ್ನು ತಿವಿಯುವ ಮುಳ್ಳುಗೋಲು ಎಂಬುದು ಹಳೆಯ ಅರ್ಥ. ವೃತ್ತವನ್ನು ಎಳೆಯುವಾಗ ಕೈವಾರದ ಒಂದು ಕಾಲು ನೆಲದಲ್ಲಿ ಚುಚ್ಚಿ ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ. ಚುಚ್ಚಿ ನಿಂತ ಆ ಮೊನೆಯ ಹೆಸರೇ ಅದು ನಿಂತ ಬಿಂದುವಿಗೂ ಬಂದಿತು. ಗ್ರೀಕ್ ರೇಖಾಗಣಿತದ ಪರಿಭಾಷೆಯಾದ ಈ ಶಬ್ದವನ್ನು ರೋಮನರು ‘ಕೆಂತ್ರುಂ’ ಎಂದು ಲ್ಯಾಟಿನ್ನಿಗೆ ತೆಗೆದುಕೊಂಡರು. ಲ್ಯಾಟಿನ್ನಿನ ಕಕಾರವು ಎಕಾರ ಇಕಾರಗಳ ಮುಂದೆ ಫ್ರೆಂಚಿನಲ್ಲಿ ಸಕಾರವಾದುದರಿಂದ ಅಲ್ಲಿ ಅದು ‘ಸೆಂಟ್ರ್’ ಎಂಬ ಧ್ವನಿಗೆ ಬಂದು, ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲಿಷನ್ನು ಸೇರಿತು. ಕವಿ ಛಾಸರ್ ತನ್ನ ಮಗನಿಗಾಗಿ ಆಸ್ಟ್ರೊಲೇಬ್ ಎಂಬ ಖಗೋಳಯಂತ್ರವನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ಬಳಸಿದ್ದಾನೆ.

ಎರಡನೆಯ ಅಂಶ ‘ಅಲ್’ ಎಂಬ ಗುಣವಾಚಕ ಪ್ರತ್ಯಯ, ಇದು ಲ್ಯಾಟಿನ್ನಿನದು. ಮೂರನೆಯದು ‘ಲಿ’. ಇದು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ, ಅಚ್ಚ ಇಂಗ್ಲಿಷ್. ಹಳೆಯ ಇಂಗ್ಲಿಷಿನಲ್ಲಿ ‘ಲೀಚ್’ ಎಂದರೆ ದೇಹ, ಆಕಾರ. ‘ಇಂತಹ ಆಕಾರವುಳ್ಳದ್ದಾಗಿ’ ಎಂಬ ಅರ್ಥದಲ್ಲಿ ಸಮಾಸದ ಉತ್ತರಪದವಾಗಿ ಬರುತ್ತಿದ್ದ ಈ ಶಬ್ದ ಸವೆದು ಸವೆದು ಬರಿಯ ಪ್ರತ್ಯಯವಾಯಿತು. ಈ ಮೂರು ಅಂಶಗಳು ಒಂದಾಗಿ ಕ್ರಿಯಾವಿಶೇಷಣದ ರೂಪ ತಾಳಿದುದು ಹದಿನೇಳನೆಯ ಶತಮಾನದಲ್ಲಿ. ಆದುದರಿಂದ ‘ಸೆಂಟ್ರಲಿ’ ಗ್ರೀಕ್ ಮೂಲದ ಶಬ್ದವೆಂದು ಹೇಳಿ ಮುಗಿಸುವುದು ಅರ್ಧಸತ್ಯ. ಅದರ ಬೇರು ಗ್ರೀಕು, ನಡು ಲ್ಯಾಟಿನ್, ತುದಿ ಇಂಗ್ಲಿಷ್. ಕ್ರಿಯಾವಿಶೇಷಣವೆಂಬ ವ್ಯಾಕರಣಧರ್ಮವನ್ನು ಅದಕ್ಕೆ ಕೊಟ್ಟಿರುವುದು ಗ್ರೀಕ್ ಭಾಗವಲ್ಲ, ತುದಿಯ ಇಂಗ್ಲಿಷ್ ಭಾಗ.

ಈಗ ‘ಕೇಂದ್ರೀಯವಾಗಿ’ ಎಂಬುದನ್ನು ಬಿಡಿಸೋಣ. ‘ಕೇಂದ್ರ’ದ ಮೂಲವನ್ನು ಮುಂದೆ ವಿಚಾರಿಸೋಣ. ‘ಈಯ’ ಎಂಬುದು ಸಂಸ್ಕೃತದ ತದ್ಧಿತ ಪ್ರತ್ಯಯ. ‘ಆಗಿ’ ಎಂಬುದು ‘ಆಗು’ ಧಾತುವಿನ ಭೂತನ್ಯೂನ, ಅಚ್ಚಗನ್ನಡ. ನಡುವೆ ಬಂದಿರುವ ವಕಾರವೂ ನಮ್ಮ ವ್ಯಾಕರಣದ ಆಗಮಸಂಧಿಯದು. ಹಾಗಾದರೆ ಎರಡು ಭಾಷೆಗಳ ಈ ಎರಡು ಶಬ್ದಗಳ ಕಟ್ಟಡ ಒಂದೇ ಕ್ರಮದ್ದು: ಹೊರಗಿನ ಬೇರು, ಶಾಸ್ತ್ರಭಾಷೆಯ ನಡು, ಮನೆಮಾತಿನ ತುದಿ. ಇಂಗ್ಲಿಷಿಗೆ ಲ್ಯಾಟಿನ್ ಮಾಡಿದ ಕೆಲಸವನ್ನು ಕನ್ನಡಕ್ಕೆ ಸಂಸ್ಕೃತ ಮಾಡಿದೆ. ‘ದೇಹ’ ಎಂಬ ಶಬ್ದ ಸವೆದು ‘ಲಿ’ ಆದಂತೆ, ‘ಆಗು’ ಎಂಬ ಪೂರ್ಣಕ್ರಿಯೆ ‘ಆಗಿ’ ಎಂಬ ರೂಪದಲ್ಲಿ ಬಹುಮಟ್ಟಿಗೆ ಪ್ರತ್ಯಯದ ಕೆಲಸ ಮಾಡುತ್ತಿದೆ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದ್ದಲ್ಲ; ಸಾಲದ ಶಬ್ದವನ್ನು ಒಳಗೆ ಮಾಡಿಕೊಳ್ಳುವ ಎರಡು ಜೀವಂತ ಭಾಷೆಗಳು ತಮ್ಮಷ್ಟಕ್ಕೆ ಕಂಡುಕೊಂಡ ಒಂದೇ ಉಪಾಯ.

೨

‘ಕೇಂದ್ರ’ದ ಚರಿತ್ರೆ ಇನ್ನೂ ಸ್ವಾರಸ್ಯವಾದುದು. ವೇದಸಂಹಿತೆಗಳಲ್ಲಿ ಈ ಶಬ್ದವಿಲ್ಲ, ವೇದಾಂಗಜ್ಯೋತಿಷದಲ್ಲಿಯೂ ಇಲ್ಲ. ವೃತ್ತದ ನಡುವನ್ನು ಹೇಳಬೇಕಾದಾಗ ನಮ್ಮ ಪ್ರಾಚೀನರಿಗೆ ಮಧ್ಯ, ನಾಭಿ ಎಂಬ ಶಬ್ದಗಳಿದ್ದವು. ಕನ್ನಡಿಗರಿಗೆ ‘ನಡು’ ಇದ್ದಿತು. ‘ಕೇಂದ್ರ’ ಕಾಣಿಸಿಕೊಳ್ಳುವುದು ಜಾತಕಶಾಸ್ತ್ರದ ಗ್ರಂಥಗಳಲ್ಲಿ. ಅಲ್ಲಿ ಅದರ ಅರ್ಥ ವೃತ್ತದ ನಡುವೆಂದಲ್ಲ. ಲಗ್ನದಿಂದ ಒಂದು, ನಾಲ್ಕು, ಏಳು, ಹತ್ತನೆಯ ಸ್ಥಾನಗಳೆಂದು. ಗ್ರೀಕ್ ಜ್ಯೋತಿಷಿಗಳು ‘ಕೆಂತ್ರೊನ್’ ಎಂದು ಕರೆಯುತ್ತಿದ್ದುದೂ ಸರಿಯಾಗಿ ಈ ನಾಲ್ಕು ಸ್ಥಾನಗಳನ್ನೇ. ಸಿದ್ಧಾಂತಗ್ರಂಥಗಳಲ್ಲಿ ಗ್ರಹದ ಮಂದಕೇಂದ್ರ, ಶೀಘ್ರಕೇಂದ್ರ ಎಂಬ ಲೆಕ್ಕದ ಪರಿಭಾಷೆಯಾಗಿಯೂ ಅದು ನಿಂತಿತು.

ಒಂದು ಶಬ್ದ ಒಂಟಿಯಾಗಿ ಬಂದಿದ್ದರೆ ಸಂಶಯಕ್ಕೆ ಎಡೆಯಿತ್ತು. ಇದು ಪರಿವಾರಸಮೇತ ಬಂದಿದೆ. ಕೇಂದ್ರದ ಮುಂದಿನ ಸ್ಥಾನಗಳಿಗೆ ಪಣಫರ, ಅದರ ಮುಂದಿನವಕ್ಕೆ ಆಪೋಕ್ಲಿಮ ಎಂದು ಹೆಸರು. ಇವು ಗ್ರೀಕಿನ ಎಪನಫೊರಾ ಮತ್ತು ಅಪೊಕ್ಲಿಮ. ಏಳನೆಯ ಸ್ಥಾನವಾದ ಜಾಮಿತ್ರವು ದಿಯಮೆತ್ರೊಸ್, ಅಂದರೆ ವ್ಯಾಸದ ಎದುರುತುದಿ. ರಾಶಿಯ ಮೂರನೆಯ ಒಂದು ಪಾಲಾದ ದ್ರೇಕ್ಕಾಣವು ದೆಕನೊಸ್. ಸುನಫಾ, ಕೇಮದ್ರುಮ ಎಂದು ನಮ್ಮ ಜೋಯಿಸರು ಇಂದಿಗೂ ಹೇಳುವ ಯೋಗಗಳು ಸುನಫೆ ಮತ್ತು ಕೆನೊದ್ರೊಮಿಯಾ. ಈ ಶಬ್ದಗಳಲ್ಲಿ ಒಂದೊಂದನ್ನೂ ಸಂಸ್ಕೃತ ಧಾತುಗಳಿಂದ ಬಿಡಿಸುವುದು ಕಷ್ಟ. ಗ್ರೀಕಿನಲ್ಲಿ ಒಂದೊಂದಕ್ಕೂ ನೇರವಾದ ವ್ಯುತ್ಪತ್ತಿಯಿದೆ, ಅದೇ ಶಾಸ್ತ್ರದಲ್ಲಿ ಅದೇ ಪಾರಿಭಾಷಿಕ ಅರ್ಥವಿದೆ. ಮೋನಿಯರ್ ವಿಲಿಯಮ್ಸರ ಸಂಸ್ಕೃತ ನಿಘಂಟು ೧೮೯೯ರಲ್ಲಿಯೇ ಕೇಂದ್ರವನ್ನು ಗ್ರೀಕಿನಿಂದ ಬಂದ ಸಾಲವೆಂದು ನಮೂದಿಸಿತು.

ದಾರಿಯೂ ಕತ್ತಲಲ್ಲಿಲ್ಲ. ಸ್ಫುಜಿಧ್ವಜನ ‘ಯವನಜಾತಕ’ವು ತನ್ನ ಹೆಸರಿನಲ್ಲಿಯೇ ಮೂಲವನ್ನು ಒಪ್ಪಿಕೊಂಡಿರುವ ಗ್ರಂಥ. ಇದನ್ನು ೧೯೭೮ರಲ್ಲಿ ಸಂಪಾದಿಸಿದ ಡೇವಿಡ್ ಪಿಂಗ್ರಿಯವರು ಗ್ರೀಕ್ ಮೂಲದ ಅನುವಾದ ಕ್ರಿ.ಶ. ೧೪೯ರಲ್ಲಿಯೂ, ಅದರ ಪದ್ಯರೂಪ ೨೬೯–೨೭೦ರಲ್ಲಿಯೂ ಆಯಿತೆಂದು ವಾದಿಸಿದರು. ಈ ಕಾಲನಿರ್ಣಯವನ್ನು ಬಿಲ್ ಮ್ಯಾಕ್ ಎಂಬ ವಿದ್ವಾಂಸರು ೨೦೧೩ರಲ್ಲಿ ಹಸ್ತಪ್ರತಿಗಳನ್ನು ಮತ್ತೆ ಓದಿ ಪ್ರಶ್ನಿಸಿದ್ದಾರೆ. ವರ್ಷದ ಅಂಕೆ ಸಡಿಲವಾದರೂ ದಾರಿಯ ದಿಕ್ಕು ಬದಲಾಗುವುದಿಲ್ಲ. ಆರನೆಯ ಶತಮಾನದ ವರಾಹಮಿಹಿರನ ಹೊತ್ತಿಗೆ ಈ ಪರಿಭಾಷೆ ನಮ್ಮ ಶಾಸ್ತ್ರದ ಅಂಗವಾಗಿತ್ತು. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರೆಂಬ ಅಭಿಪ್ರಾಯವನ್ನು ಅವನು ಬೃಹತ್ಸಂಹಿತೆಯಲ್ಲಿ ಎತ್ತಿ ಹೇಳಿದ್ದಾನೆ. ಕನ್ನಡದಲ್ಲಿ ಈ ಶಾಸ್ತ್ರದ ಮೊದಲ ಗ್ರಂಥವೆಂದು ಗಣ್ಯವಾದುದು ಶ್ರೀಧರಾಚಾರ್ಯನ ‘ಜಾತಕತಿಲಕ’. ಕಾಲ ಹನ್ನೊಂದನೆಯ ಶತಮಾನದ ನಡುಭಾಗ. ಯವನರ ಪರಿಭಾಷೆ ಸಂಸ್ಕೃತದ ಮೂಲಕ ಕನ್ನಡಕ್ಕೆ ಇಳಿದುಬಂದ ಮೆಟ್ಟಲುಗಳು ಇವು.

ಆಧುನಿಕ ಕಾಲದಲ್ಲಿ ಇಂಗ್ಲಿಷಿನ ‘ಸೆಂಟರ್’ ಶಬ್ದಕ್ಕೆ ಸಮಾನಪದ ಬೇಕಾದಾಗ ಶಾಸ್ತ್ರದ ಮೂಲೆಯಲ್ಲಿದ್ದ ಈ ಶಬ್ದ ಬೀದಿಗೆ ಬಂದಿತು. ಎರಡು ಸಾವಿರ ವರ್ಷಗಳ ಹಿಂದೆ ಒಂದೇ ಮನೆಯಿಂದ ಹೊರಟ ಶಬ್ದ, ಒಂದು ಕವಲು ರೋಮ್, ಪ್ಯಾರಿಸ್, ಲಂಡನ್ನುಗಳ ಮೂಲಕವೂ ಇನ್ನೊಂದು ಪಶ್ಚಿಮ ಭಾರತದ ಜ್ಯೋತಿಷಿಗಳ ಮೂಲಕವೂ ಬಂದು, ದಾಸರಹಳ್ಳಿಯ ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಂತಿವೆ. ಉಚ್ಚಾರಣೆಯಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂದು ಕೇಳಿದರೆ ಉತ್ತರ ಕನ್ನಡದ ಪಾಲಿಗೆ ಬರುತ್ತದೆ. ಅನುನಾಸಿಕದ ಮುಂದಿನ ತಕಾರ ಗ್ರೀಕರ ಆಡುಮಾತಿನಲ್ಲಿಯೇ ಕಾಲಕ್ರಮದಲ್ಲಿ ದಕಾರವಾಯಿತು. ಇಂದಿನ ಅಥೆನ್ಸಿನವನು ತನ್ನ ಊರಿನ ನಡುಭಾಗವನ್ನು ‘ಕೆಂದ್ರೊ’ ಎನ್ನುತ್ತಾನೆ. ಅದನ್ನು ಕೇಳಿದ ಕನ್ನಡಿಗನಿಗೆ ಅನುವಾದ ಬೇಕಾಗದು, ಇಂಗ್ಲಿಷಿನವನಿಗೆ ಬೇಕಾದೀತು.

೩

ಇನ್ನು ಪ್ರತಿವಾದಗಳು. ವ್ಯಾಕರಣ ಬಲ್ಲ ವಿದ್ಯಾರ್ಥಿಯೊಬ್ಬ ‘ಕ’ ಮತ್ತು ‘ಇಂದ್ರ’ ಸೇರಿ ಗುಣಸಂಧಿಯಿಂದ ‘ಕೇಂದ್ರ’ವಾಯಿತೆಂದು ಹೇಳಬಹುದು. ಸಂಧಿ ಸರಿಯಾಗಿದೆ, ಚರಿತ್ರೆ ಸರಿಯಾಗಿಲ್ಲ. ಬಿಡಿಸಲು ಬರುತ್ತದೆ ಎಂಬುದು ಬೇರೆ, ಹಾಗೆ ಕೂಡಿ ಹುಟ್ಟಿತು ಎಂಬುದು ಬೇರೆ. ಈ ಬಿಡಿಕೆಯಿಂದ ಒಂದು, ನಾಲ್ಕು, ಏಳು, ಹತ್ತನೆಯ ಸ್ಥಾನಗಳೆಂಬ ಅರ್ಥ ಹೇಗೆ ಬರುತ್ತದೆಂದು ಕೇಳಿದರೆ ವಾದ ಅಲ್ಲಿಗೆ ನಿಲ್ಲುತ್ತದೆ.

ಇಂತಹ ಬಿಡಿಕೆಗೆ ಪ್ರಾಚೀನ ಉದಾಹರಣೆಯೇ ಇದೆ. ‘ಹೋರಾ’ ಶಬ್ದ ಗ್ರೀಕಿನ ‘ಹೋರಾ’ ಎಂಬುದೇ. ಇಂಗ್ಲಿಷಿನ ‘ಅವರ್’, ಅದರಿಂದ ಹುಟ್ಟಿದ ‘ಅವರ್ಲಿ’ ಎಂಬ ಕ್ರಿಯಾವಿಶೇಷಣ, ಇವೂ ಅದರ ಸಂತಾನ. ಆದರೆ ‘ಅಹೋರಾತ್ರ’ ಎಂಬುದರ ಮೊದಲಿನ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ‘ಹೋರಾ’ ಉಳಿಯಿತೆಂಬ ವ್ಯುತ್ಪತ್ತಿಯನ್ನು ವರಾಹಮಿಹಿರನು ಬೃಹಜ್ಜಾತಕದಲ್ಲಿ ದಾಖಲಿಸಿದ್ದಾನೆ. ಇಲ್ಲಿ ಗಮನಿಸಬೇಕಾದುದು ಅವನ ಎಚ್ಚರ: ‘ಕೆಲವರು’ ಹೀಗೆ ಬಯಸುತ್ತಾರೆ ಎಂದು ಅವನು ಹೇಳುತ್ತಾನೆಯೇ ಹೊರತು ತನ್ನ ನಿರ್ಣಯವೆಂದು ಹೇಳುವುದಿಲ್ಲ. ಸಾಲವಾಗಿ ಬಂದ ಶಬ್ದಕ್ಕೆ ಮನೆಯಲ್ಲಿಯೇ ತಾಯಿತಂದೆಗಳನ್ನು ಹುಡುಕಿ ಕೊಡುವ ಆಸೆ ಹದಿನೈದು ಶತಮಾನಗಳಷ್ಟು ಹಳೆಯದು. ಆ ಆಸೆಯನ್ನು ಅಷ್ಟೇ ಹಿಂದೆ ಒಬ್ಬ ದೊಡ್ಡ ಶಾಸ್ತ್ರಕಾರ ದೂರದಿಂದ ನೋಡಿದ್ದನೆಂಬುದು ನಮಗೆ ಮಾದರಿಯಾಗಬೇಕು.

ಎರಡನೆಯ ಪ್ರತಿವಾದ ಸಹೋದರತ್ವದ್ದು. ಸಂಸ್ಕೃತ ಗ್ರೀಕುಗಳು ಒಂದೇ ಮೂಲಭಾಷೆಯ ಮಕ್ಕಳಾದುದರಿಂದ ಕೇಂದ್ರ–ಕೆಂತ್ರೊನ್‌ಗಳೂ ಒಡಹುಟ್ಟಿದವುಗಳಲ್ಲವೇ? ಅಲ್ಲ, ಅದಕ್ಕೆ ಧ್ವನಿನಿಯಮವೇ ಸಾಕ್ಷಿ. ಒಡಹುಟ್ಟಿದ ಶಬ್ದಗಳಲ್ಲಿ ಗ್ರೀಕಿನ ಎಕಾರಕ್ಕೆ ಸಂಸ್ಕೃತದಲ್ಲಿ ಅಕಾರವಿರುತ್ತದೆ, ಎಷ್ಟೋ ಶಬ್ದಗಳಲ್ಲಿ ಗ್ರೀಕಿನ ಕಕಾರಕ್ಕೆ ಶಕಾರವಿರುತ್ತದೆ: ಗ್ರೀಕಿನ ‘ದೆಕ’ ಸಂಸ್ಕೃತದ ‘ದಶ’, ‘ಹೆಕತೊನ್’ ಎಂಬುದರ ಕೊನೆಯ ಭಾಗ ‘ಶತ’. ಕೆಂತ್ರೊನ್ ಶಬ್ದಕ್ಕೆ ಸಂಸ್ಕೃತದಲ್ಲಿ ಒಡಹುಟ್ಟು ಇದ್ದಿದ್ದರೆ ಅದರ ಮೊದಲಕ್ಷರ ಶಕಾರವೋ ಚಕಾರವೋ ಆಗಿ, ಸ್ವರ ಅಕಾರವಾಗಿರಬೇಕಿತ್ತು. ಹಾಗಿರದೆ ಕಕಾರ ಕಕಾರವಾಗಿಯೇ ಎಕಾರ ಏಕಾರವಾಗಿಯೇ ಉಳಿದಿದೆ. ಬಹಳ ಹೋಲುವುದೇ ಇಲ್ಲಿ ಒಡಹುಟ್ಟಲ್ಲವೆಂಬುದಕ್ಕೆ ಆಧಾರ. ಸಹೋದರರು ಬೇರೆ ಬೇರೆ ಮನೆಗಳಲ್ಲಿ ಬೆಳೆದು ಮುಖಚಹರೆ ಬದಲಾಗಿರುತ್ತದೆ. ನಿನ್ನೆ ಬಂದ ಅತಿಥಿಯ ಉಡುಪು ಮಾತ್ರ ಅವನ ಊರಿನದೇ ಆಗಿರುತ್ತದೆ.

ಮೂರನೆಯ ಬಗೆಯ ಹೋಲಿಕೆ ಬರಿಯ ಆಕಸ್ಮಿಕ. ಕನ್ನಡದ ‘ಎಂಟು’ ಮತ್ತು ಇಂಗ್ಲಿಷಿನ ‘ಎಯ್ಟ್’ ಇಂದು ಹತ್ತಿರ ಕೇಳುತ್ತವೆ. ಕಾಲದಲ್ಲಿ ಹಿಂದೆ ಹಿಂದೆ ಹೋದಂತೆ ಇಂಗ್ಲಿಷ್ ರೂಪ ‘ಎಆಹ್ತ’ ಎಂದಾಗಿ, ಲ್ಯಾಟಿನ್ನಿನ ‘ಓಕ್ತೋ’ ಸಂಸ್ಕೃತದ ‘ಅಷ್ಟ’ಗಳ ಕಡೆಗೆ ಸರಿಯುತ್ತದೆ, ಕನ್ನಡ ರೂಪ ತಮಿಳಿನ ‘ಎಟ್ಟು’ ಮತ್ತು ‘ಎಣ್’ ಎಂಬ ದ್ರಾವಿಡ ಮೂಲದ ಕಡೆಗೆ ಸರಿಯುತ್ತದೆ. ನಿಜವಾದ ಸಂಬಂಧಿಗಳು ಹಿಂದಕ್ಕೆ ಹೋದಷ್ಟೂ ಹತ್ತಿರವಾಗುತ್ತವೆ, ಆಕಸ್ಮಿಕವಾಗಿ ಹೋಲುವವು ಹಿಂದಕ್ಕೆ ಹೋದಷ್ಟೂ ದೂರವಾಗುತ್ತವೆ. ಇದೊಂದು ಸೂತ್ರವನ್ನು ನಮ್ಮ ವಿದ್ಯಾರ್ಥಿಗಳು ಮನನ ಮಾಡಿದರೆ ಶಬ್ದಮೂಲದ ಹೆಸರಿನಲ್ಲಿ ನಡೆಯುವ ಅರ್ಧದಷ್ಟು ವಿವಾದ ನಿಂತುಹೋದೀತು.

ಈ ಮೂರು ಬಗೆಗಳಿಗೂ ದಾಸರಹಳ್ಳಿಯ ಹೆಸರಿನ ಸುತ್ತಲೇ ಒಂದು ಉದಾಹರಣೆಯನ್ನು ಕಟ್ಟಬಹುದು. ರೋಮನ್ ಲಿಪಿಯ ಫಲಕವನ್ನು ಓದಿ ಬೆಳೆದವರು ಇದನ್ನು ‘ದಸರಾಹಳ್ಳಿ’ ಎಂದು ಉಚ್ಚರಿಸಿ, ದಸರಾ ಹಬ್ಬದ ನೆನಪು ಮಾಡಿಕೊಳ್ಳುವುದುಂಟು. ದಸರಾ ‘ದಶಹರಾ’ದಿಂದ, ಅದರ ‘ದಶ’ ಗ್ರೀಕಿನ ‘ದೆಕ’ದ ಒಡಹುಟ್ಟು. ಆ ‘ದೆಕ’ದಿಂದ ಹುಟ್ಟಿದ ದೆಕನೊಸ್ ನಮಗೆ ‘ದ್ರೇಕ್ಕಾಣ’ವೆಂಬ ಸಾಲವಾಗಿ ಬಂದಿದೆ. ಹೀಗೆ ಒಂದೇ ಸಂಖ್ಯಾವಾಚಕ ನಮ್ಮಲ್ಲಿ ಒಡಹುಟ್ಟಾಗಿಯೂ ಇದೆ, ಸಾಲವಾಗಿಯೂ ಇದೆ. ಆದರೆ ದಾಸರಹಳ್ಳಿಗೆ ಇವೆರಡರ ಸಂಬಂಧವೂ ಇಲ್ಲ. ಕನ್ನಡ ಲಿಪಿಯಲ್ಲಿ ಮೊದಲಕ್ಷರ ದೀರ್ಘ. ಶಬ್ದ ‘ದಾಸ’, ಮುಂದಿನದು ಷಷ್ಠಿಯ ಬಹುವಚನ. ರೋಮನ್ ಲಿಪಿ ಸ್ವರದ ದೀರ್ಘವನ್ನು ನುಂಗಿತು. ನುಂಗಿದ ಜಾಗದಲ್ಲಿ ಒಂದು ಹೋಲಿಕೆ ಹುಟ್ಟಿತು. ಇದೇ ಆಕಸ್ಮಿಕ.

೪

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಗ್ರೀಕರ ಶಬ್ದ ಕನ್ನಡಕ್ಕೆ ನೇರವಾಗಿ ಬಂದಿರಲಾರದೆ? ಈ ನಾಡಿಗೂ ಯವನರ ವ್ಯಾಪಾರಕ್ಕೂ ಸಂಬಂಧವಿದ್ದುದು ನಿಶ್ಚಯ. ದಾಸರಹಳ್ಳಿಯಿಂದ ನಗರದ ಕಡೆಗೆ ಅದೇ ತುಮಕೂರು ರಸ್ತೆಯಲ್ಲಿ ಸಿಗುವ ಯಶವಂತಪುರದಲ್ಲಿ ೧೮೯೧ರಲ್ಲಿ ರೋಮನ್ ಬೆಳ್ಳಿನಾಣ್ಯಗಳ ನಿಧಿಯೊಂದು ದೊರೆಯಿತು. ಅಗಸ್ಟಸ್, ತಿಬೇರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ನಾಣ್ಯಗಳು ಅದರಲ್ಲಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನಗಳಲ್ಲಿಯೂ ರೋಮನ್ ನಾಣ್ಯಗಳು ಸಿಕ್ಕಿವೆ. ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಬನವಾಸಿಯ ಹೆಸರನ್ನು ಬರೆದಿದ್ದಾನೆ. ರಾಷ್ಟ್ರಕೂಟರ ಕಾಲದ ಶಾಸನಗಳಲ್ಲಿ ಕಾಣುವ ‘ದ್ರಮ್ಮ’ ಗ್ರೀಕರ ದ್ರಖ್ಮೆಯೇ.

ಇಷ್ಟು ಸಾಕ್ಷ್ಯ ಕಂಡ ಕೂಡಲೆ ಯಶವಂತಪುರದ ನಿಧಿಯನ್ನೂ ‘ಕೇಂದ್ರ’ ಶಬ್ದವನ್ನೂ ಒಂದೇ ದಾರದಲ್ಲಿ ಪೋಣಿಸುವ ಆಸೆಯಾಗುವುದು ಸಹಜ. ನಾವು ಅದನ್ನು ತಡೆದುಕೊಳ್ಳಬೇಕು. ನಾಣ್ಯ ವ್ಯಾಪಾರಕ್ಕೆ ಸಾಕ್ಷಿ. ಅದು ಎಷ್ಟು ಕೈ ದಾಟಿ ಬಂದಿತೆಂಬುದನ್ನೂ ಅದು ಹೇಳುವುದಿಲ್ಲ, ಯಾರ ಭಾಷೆಯೂ ಅದರ ಸಂಗಡ ಬಂದಿತೆಂದು ಹೇಳುವುದಿಲ್ಲ. ಮೇಲಾಗಿ ಶಬ್ದದ ಒಳಗೇ ವಿರುದ್ಧ ಸಾಕ್ಷ್ಯವಿದೆ. ಗ್ರೀಕಿನ ಸ್ವರ ಹ್ರಸ್ವ. ಸಂಸ್ಕೃತದಲ್ಲಿ ಹ್ರಸ್ವ ಎಕಾರವಿಲ್ಲವಾದುದರಿಂದ ಅಲ್ಲಿ ಅದು ದೀರ್ಘವಾಗಲೇಬೇಕಾಯಿತು. ಕನ್ನಡಕ್ಕೆ ಹ್ರಸ್ವ ಎಕಾರವುಂಟು. ನಾವಿಕರ ಬಾಯಿಂದ ನೇರವಾಗಿ ಕೇಳಿ ತೆಗೆದುಕೊಂಡಿದ್ದರೆ ನಾವು ‘ಕೆಂದ್ರ’ ಎನ್ನಲು ಅಡ್ಡಿಯೇನೂ ಇರಲಿಲ್ಲ. ನಮ್ಮ ಶಬ್ದದ ದೀರ್ಘಸ್ವರವು ಅದು ಸಂಸ್ಕೃತದ ಬಾಗಿಲಿನಿಂದಲೇ ಒಳಬಂದಿತೆಂದು ಸಾರುತ್ತಿದೆ.

ಇದಕ್ಕೆ ಪ್ರತಿಯಾಗಿ, ಗ್ರೀಕಿನಲ್ಲಿ ಕನ್ನಡವನ್ನು ಕಂಡ ಪ್ರಸಿದ್ಧ ಪ್ರಸಂಗವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು, ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರಿಂದ ೧೯೦೩ರಲ್ಲಿ ಪ್ರಕಟವಾದ ೪೧೩ನೆಯ ಪಪೈರಸ್ಸಿನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಪ್ರತಿಯ ಕಾಲ ಎರಡನೆಯ ಶತಮಾನ. ಖರಿತಿಯೊನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತೀರದ ರಾಜನೊಬ್ಬನ ಸೆರೆಯಲ್ಲಿರುತ್ತಾಳೆ. ಅವಳ ಕಡೆಯವರು ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕಲ್ಲ. ಅದು ಕನ್ನಡವೆಂದು ಮೊದಲು ಸೂಚಿಸಿದವರು ಜರ್ಮನಿಯ ಶಾಸನತಜ್ಞ ಹುಲ್ಟ್ಸ್, ೧೯೦೪ರಲ್ಲಿ. ಡಾ. ಆರ್. ಶಾಮಶಾಸ್ತ್ರಿಗಳು ಆ ದಾರಿಯಲ್ಲಿ ಮುಂದುವರಿದರು; ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಆಸ್ಥೆಯಿಂದ ಚರ್ಚಿಸಿದರು. ಎಲ್. ಡಿ. ಬಾರ್ನೆಟ್ಟರು ೧೯೨೬ರಲ್ಲಿ ಇದನ್ನು ಅಲ್ಲಗಳೆದರು. ಮುಂದೆ ಅದೇ ಸಂಭಾಷಣೆಯನ್ನು ತುಳುವೆಂದು ಓದಿದವರೂ ಉಂಟು.

ಹಿರಿಯರ ವಿದ್ವತ್ತಿಗೆ ಗೌರವ ಸಲ್ಲಿಸಿಯೇ ನಾವು ಹೇಳಬೇಕಾದುದು ಇದು: ಈ ವಾದದಲ್ಲಿ ಸ್ಥಳ ಸಂಭಾವ್ಯ, ಕಾಲ ಸಂಭಾವ್ಯ, ಆದರೆ ಧ್ವನಿನಿಯಮವೊಂದು ನಮ್ಮ ಕೈಯಲ್ಲಿಲ್ಲ. ಗ್ರೀಕ್ ಲಿಪಿಕಾರ ಪದಗಳ ನಡುವೆ ಎಡೆಬಿಡದೆ ಬರೆದ ಅಕ್ಷರಮಾಲೆಯನ್ನು ಎಲ್ಲಿ ಬೇಕಾದರೂ ತುಂಡರಿಸುವ ಸ್ವಾತಂತ್ರ್ಯವಿದ್ದಾಗ, ಕುಡಿತದ ಸಂದರ್ಭಕ್ಕೆ ಒಪ್ಪುವ ‘ಮಧು’, ‘ಪಾತ್ರ’ಗಳಂತಹ ಶಬ್ದಗಳು ಸಿಕ್ಕುವುದು ಆಶ್ಚರ್ಯವಲ್ಲ. ಅದೇ ಸಾಲುಗಳು ಒಬ್ಬರಿಗೆ ಕನ್ನಡವಾಗಿಯೂ ಇನ್ನೊಬ್ಬರಿಗೆ ತುಳುವಾಗಿಯೂ ಓದಲು ಬಂದುವೆಂಬುದೇ ಆ ಕ್ರಮದ ಸಡಿಲಿಗೆ ನಿದರ್ಶನ. ಪರದೇಶಿಯ ಮಾತೆಂದು ನಗೆಗಾಗಿ ಕಟ್ಟಿದ ಅರ್ಥವಿಲ್ಲದ ಉಲಿಯೂ ಅದಾಗಿರಬಹುದು. ಎರಡನೆಯ ಶತಮಾನದ ಕನ್ನಡ ಹೇಗಿತ್ತೆಂದು ಹೋಲಿಸಿ ನೋಡಲು ಆ ಕಾಲದ ಕನ್ನಡ ಬರಹ ನಮಗೆ ಉಳಿದಿಲ್ಲ. ಹಲ್ಮಿಡಿ ಶಾಸನವೇ ಐದನೆಯ ಶತಮಾನದ್ದು. ಆದುದರಿಂದ ಈ ವಾದವನ್ನು ಸಿದ್ಧಾಂತವೆಂದು ಪಾಠ ಹೇಳುವುದು ತಪ್ಪು, ಹುರುಳಿಲ್ಲದ್ದೆಂದು ತಳ್ಳುವುದೂ ತಪ್ಪು. ಅದು ಒಂದು ಊಹೆ, ಊಹೆಯೆಂದೇ ಕಲಿಸಬೇಕು.

ಕನ್ನಡದ ಘನತೆಗೆ ಇದರಿಂದ ಕುಂದೇನೂ ಇಲ್ಲ. ಪೂರ್ವದಿಂದ ಪಶ್ಚಿಮಕ್ಕೆ ಹೋದ ಶಬ್ದಗಳಿಗೆ ಗಟ್ಟಿಯಾದ ಸಾಕ್ಷ್ಯವಿರುವಾಗ ಸಡಿಲವಾದುದನ್ನು ಹಿಡಿದುಕೊಳ್ಳುವ ಅಗತ್ಯವೇನು? ಸಂಸ್ಕೃತದ ‘ಪಿಪ್ಪಲಿ’ ಗ್ರೀಕರ ‘ಪೆಪೆರಿ’ಯಾಗಿ, ಲ್ಯಾಟಿನ್ನಿನ ‘ಪಿಪೆರ್’ ಆಗಿ, ಇಂಗ್ಲಿಷಿನ ‘ಪೆಪ್ಪರ್’ ಆಯಿತು. ಅದೇ ಶಬ್ದ ಕನ್ನಡದಲ್ಲಿ ಪಕಾರ ಹಕಾರವಾಗುವ ನಿಯಮಕ್ಕೆ ಒಳಗಾಗಿ ‘ಹಿಪ್ಪಲಿ’ಯಾಯಿತು. ಸರಕು ಸಿಕ್ಕಿದೆ, ದಾರಿ ಗೊತ್ತಿದೆ, ಧ್ವನಿನಿಯಮ ಒಪ್ಪುತ್ತದೆ. ಕೊಟ್ಟುದಕ್ಕೂ ಕೊಂಡುದಕ್ಕೂ ಬೇಕಾದ ಸಾಕ್ಷ್ಯ ಒಂದೇ ತೂಕದ್ದಾಗಿರಬೇಕು. ಕೊಂಡುದನ್ನು ಒಪ್ಪಿಕೊಳ್ಳಲು ಹಿಂಜರಿಯುವವರು ಕೊಟ್ಟುದರ ಲೆಕ್ಕ ಹೇಳಿದಾಗ ಅದನ್ನು ನಂಬುವವರು ಕಡಮೆಯಾಗುತ್ತಾರೆ.

೫

ಕೊನೆಯದಾಗಿ, ಮೂಲ ತಿಳಿದಮೇಲೆ ಅದರಿಂದ ಮಾಡಬಾರದ ಕೆಲಸವೊಂದಿದೆ. ಅದು, ಶಬ್ದದ ಮೊದಲಿನ ಅರ್ಥವೇ ನಿಜವಾದ ಅರ್ಥವೆಂದು ವಾದಿಸುವುದು. ಭಾರತದ ಸಂವಿಧಾನದ ಮೊದಲನೆಯ ಅನುಚ್ಛೇದ ಈ ದೇಶವನ್ನು ರಾಜ್ಯಗಳ ಒಕ್ಕೂಟವೆಂದು ಕರೆದಿದೆ. ರೂಢಿಯಲ್ಲಿ ನಾವು ಹೇಳುವುದು ‘ಕೇಂದ್ರ ಸರ್ಕಾರ’ವೆಂದು. ೨೦೨೧ರಲ್ಲಿ ತಮಿಳುನಾಡಿನ ಸರ್ಕಾರ ‘ಒನ್ಱಿಯ ಅರಸು’ ಎಂಬ ಬಳಕೆಯನ್ನು ಎತ್ತಿಹಿಡಿದ ಮೇಲೆ ಈ ಶಬ್ದದ ಚರ್ಚೆ ಬಿಸಿಯೇರಿತು. ಕನ್ನಡದಲ್ಲಿಯೂ ‘ಒಕ್ಕೂಟ ಸರ್ಕಾರ’ ಎಂದು ಬರೆಯುವವರಿದ್ದಾರೆ. ಈ ಚರ್ಚೆಯಲ್ಲಿ ಕೆಂತ್ರೊನ್ ಎಂದರೆ ಮುಳ್ಳುಗೋಲು, ಆದುದರಿಂದ ಕೇಂದ್ರವೆಂದರೆ ರಾಜ್ಯಗಳನ್ನು ತಿವಿಯುವುದು ಎಂದು ಯಾರಾದರೂ ಹೇಳಿದರೆ ಅದು ಚಮತ್ಕಾರವಾದೀತೇ ಹೊರತು ಪ್ರಮಾಣವಾಗದು. ಪೌಲನ ಮತಾಂತರದ ಪ್ರಸಂಗದಲ್ಲಿ ಗ್ರೀಕ್ ಬೈಬಲ್ಲು ಈ ಶಬ್ದವನ್ನು ಬಳಸಿದೆ. ಕನ್ನಡ ಬೈಬಲ್ಲು ಅಲ್ಲಿ ‘ಮುಳ್ಳುಗೋಲು’ ಎಂದೇ ಅನುವಾದಿಸಿದೆ. ಒಂದೇ ಗ್ರೀಕ್ ಶಬ್ದ ಕನ್ನಡದಲ್ಲಿ ಒಂದು ಕಡೆ ಮುಳ್ಳುಗೋಲು, ಇನ್ನೊಂದು ಕಡೆ ಕೇಂದ್ರ. ಎರಡೂ ಸರಿ, ಏಕೆಂದರೆ ಅರ್ಥವನ್ನು ನಿರ್ಣಯಿಸುವುದು ಬಳಕೆ, ಜನ್ಮಪತ್ರಿಕೆಯಲ್ಲ. ಕೇಂದ್ರವೋ ಒಕ್ಕೂಟವೋ ಎಂಬುದನ್ನು ಸಂವಿಧಾನವನ್ನೂ ಆಡಳಿತದ ಚರಿತ್ರೆಯನ್ನೂ ನೋಡಿ ನಿರ್ಣಯಿಸಬೇಕು, ನಿಘಂಟನ್ನು ನೋಡಿ ಅಲ್ಲ.

ಹಾಗಾದರೆ ಶಬ್ದಮೂಲದ ಅಭ್ಯಾಸದಿಂದ ಫಲವೇನು? ಅದು ನಮಗೆ ಭಾಷೆಯ ಅರ್ಥವನ್ನು ಕಲಿಸುವುದಕ್ಕಿಂತ ಹೆಚ್ಚಾಗಿ ಸಂಪರ್ಕದ ಚರಿತ್ರೆಯನ್ನು ಕಲಿಸುತ್ತದೆ. ಕೇಂದ್ರವನ್ನು ಪರಕೀಯವೆಂದು ಹೊರಹಾಕಹೊರಟರೆ ಹೋರೆಯನ್ನೂ ದ್ರೇಕ್ಕಾಣವನ್ನೂ ಕೇಮದ್ರುಮವನ್ನೂ, ಅವುಗಳ ಸಂಗಡ ಪಂಚಾಂಗದ ಅನೇಕ ಪುಟಗಳನ್ನೂ ಹೊರಹಾಕಬೇಕಾಗುತ್ತದೆ. ಅದನ್ನು ಸ್ವಕೀಯವೆಂದು ಸಾಧಿಸಹೊರಟರೆ ಸಾಕ್ಷ್ಯವನ್ನು ತಿರುಚಬೇಕಾಗುತ್ತದೆ. ಎರಡೂ ಅನಾವಶ್ಯಕ. ಅಧ್ಯಾಪಕರು ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆಗಳು ಮೂರೇ: ಧ್ವನಿನಿಯಮ ಒಪ್ಪುತ್ತದೆಯೇ? ಬಂದ ದಾರಿ ಕಾಣುತ್ತದೆಯೇ? ಕಾಲ ಹೊಂದುತ್ತದೆಯೇ? ಮೂರಕ್ಕೂ ಉತ್ತರ ಬಂದರೆ ಅದು ನಿರ್ಣಯ. ಎರಡಕ್ಕೆ ಬಂದರೆ ಊಹೆ. ಒಂದಕ್ಕೂ ಬಾರದಿದ್ದರೆ ಬರಿಯ ಅಭಿಮಾನ.

ಈ ಮೂರು ಪ್ರಶ್ನೆಗಳಿಗೂ ಉತ್ತರ ಕೊಟ್ಟು ನಿಲ್ಲುವ ಶಬ್ದ ಕೇಂದ್ರ. ಅದು ನಮ್ಮದಾದುದು ಇಲ್ಲಿ ಹುಟ್ಟಿದ್ದರಿಂದಲ್ಲ. ‘ಈಯ’ವನ್ನು ಹಚ್ಚಿ, ‘ಆಗಿ’ಯನ್ನು ಸೇರಿಸಿ, ನಡುವೆ ವಕಾರವನ್ನು ತಂದು, ನಮ್ಮ ವಾಕ್ಯದಲ್ಲಿ ನಮ್ಮ ಕ್ರಿಯಾಪದದ ಮುಂದೆ ನಾವು ಅದನ್ನು ನಿಲ್ಲಿಸಿದ್ದರಿಂದ. ಇಂಗ್ಲಿಷರೂ ತಮ್ಮ ‘ಲಿ’ಯಿಂದ ಮಾಡಿದುದು ಇದನ್ನೇ. ಬೇರು ಎಲ್ಲಿಂದಲಾದರೂ ಬರಬಹುದು. ಅದನ್ನು ವಾಕ್ಯದಲ್ಲಿ ನಡೆಸುವ ವ್ಯಾಕರಣ ಮಾತ್ರ ಮನೆಯದು.